ಕಡತದ ಸ್ವರೂಪ ಮತ್ತು ಭಾಷಿಕ ದತ್ತಾಂಶ: ಕೋಲಾರ ಸೀಮೆಯ ದ್ವಿಭಾಷಿಕ ಪಠ್ಯಗಳನ್ನು ಕುರಿತು

ಪದಸಂಸ್ಕರಣ ಕಡತಗಳ ವಿಕಾಸವನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಇತಿಹಾಸವೆಂದೇ ಪರಿಗಣಿಸಲಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಂತೆ ಕನ್ನಡ–ತೆಲುಗು ದ್ವಿಭಾಷಿಕತೆ ವ್ಯಾಪಕವಾಗಿರುವ ಪ್ರದೇಶದ ಪಠ್ಯಗಳಲ್ಲಿ ಅದು ಭಾಷಾವಿಜ್ಞಾನದ ಪ್ರಶ್ನೆಯೂ ಆಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲಿಗೆ ಎರಡು ಸ್ತರಗಳನ್ನು ಬೇರ್ಪಡಿಸಬೇಕು. ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಸಂಕೇತೀಕರಣ. ಆ ಸಂಖ್ಯೆಗಳನ್ನೂ ವಿನ್ಯಾಸದ ವಿವರಗಳನ್ನೂ ಹೇಗೆ ಒಟ್ಟಿಗೆ ಇರಿಸಲಾಗಿದೆ ಎಂಬುದು ಕಡತದ ಸ್ವರೂಪ. 1978ರ ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ವಿನ್ಯಾಸಕ್ಕೆ ಬಳಸಿಕೊಂಡಿತು. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇಸ್ಕಿ ಮಾನಕವು (1991) ಅಕ್ಷರಗಳನ್ನು ಇರಿಸಿದ್ದು 128ರ ಮೇಲಿನ ಇದೇ ಅರ್ಧದಲ್ಲಿ. ಅಂದರೆ ಸ್ವರೂಪವೇ ಲಿಪಿಯ ಅವಕಾಶವನ್ನು ಮಿತಗೊಳಿಸಬಲ್ಲದು. ಮುಂದೆ ಆರ್‌ಟಿಎಫ್ (1987), ವರ್ಡ್ 97ರ ದ್ವಿಮಾನ ಡಾಕ್, 2006ರಲ್ಲಿ ಐಎಸ್‌ಒ ಮಾನಕವಾದ ಓಡಿಎಫ್, ಆಫೀಸ್ 2007ರ ಡಾಕ್ಸ್ ಬಂದವು. ಕೊನೆಯ ಎರಡೂ ಸಂಕುಚಿತ ಕಡತದೊಳಗೆ ಎಕ್ಸ್‌ಎಂಎಲ್ ಪಠ್ಯವನ್ನು ಇರಿಸುತ್ತವೆ.

ಕನ್ನಡದಲ್ಲಿ ಬರಹ (1998) ಹಾಗೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಕನ್ನಡದ ಬರವಣಿಗೆಯನ್ನು ಕಚೇರಿಗಳಿಗೂ ಮನೆಗಳಿಗೂ ತಲುಪಿಸಿದವು. ಅವುಗಳ ಹಳೆಯ ಫಾಂಟುಗಳಲ್ಲಿ ಸಂಖ್ಯೆಗಳು ಅಕ್ಷರಗಳನ್ನಲ್ಲ, ಆಕೃತಿಗಳನ್ನು ಸೂಚಿಸುತ್ತಿದ್ದವು. ನುಡಿಯಲ್ಲಿ ‘ಕ’ ಎಂಬುದು ತಲೆಕಟ್ಟಿಲ್ಲದ ರೂಪ ಮತ್ತು ತಲೆಕಟ್ಟು ಎಂಬ ಎರಡು ಘಟಕ. ‘ಕರ್ನಾಟಕ’ದ ಅರ್ಕಾವತ್ತು ‘ನಾ’ ಆಕೃತಿಯ ಅನಂತರ ದಾಖಲಾಗುತ್ತದೆ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು ಬರುತ್ತದೆ. ಹೀಗಾಗಿ ಅಕಾರಾದಿ ಜೋಡಣೆ, ಧ್ವನಿಮಾ ಎಣಿಕೆ, ಪದಶೋಧಗಳು ಇಂತಹ ಕಡತದಲ್ಲಿ ನೇರವಾಗಿ ಸಾಧ್ಯವಿಲ್ಲ.

ದ್ವಿಭಾಷಿಕ ಪಠ್ಯದಲ್ಲಿ ಸಮಸ್ಯೆ ಇನ್ನೂ ಆಳವಾದುದು. ಒಂದೇ ಸಂಖ್ಯೆ ಕನ್ನಡ ಫಾಂಟಿನಲ್ಲಿ ಒಂದು ಆಕೃತಿ, ತೆಲುಗು ಫಾಂಟಿನಲ್ಲಿ ಇನ್ನೊಂದು, ಇಂಗ್ಲಿಷ್ ಫಾಂಟಿನಲ್ಲಿ ಲ್ಯಾಟಿನ್ ಅಕ್ಷರ. ಯಾವ ತುಣುಕು ಯಾವ ಭಾಷೆಯದೆಂಬ ಏಕೈಕ ಸಾಕ್ಷ್ಯ ಆ ತುಣುಕಿನ ಫಾಂಟಿನ ಹೆಸರು. ಅಂತಹ ಕಡತವನ್ನು ಸರಳ ಪಠ್ಯವಾಗಿ ಉಳಿಸಿದೊಡನೆ ಸಂಕೇತಮಿಶ್ರಣದ ಗಡಿಗಳೇ ಅಳಿಸಿಹೋಗುತ್ತವೆ. ಡಾಕ್ ಕಡತವನ್ನು ಡಾಕ್ಸ್ ಆಗಿ ಬದಲಿಸಿದರೂ ಆಕೃತಿ ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಪಾತ್ರೆ ಬದಲಾಯಿತೇ ಹೊರತು ಒಳಗಿನ ಪದಾರ್ಥವಲ್ಲ.

ಪರಿವರ್ತನೆಯ ಮಿತಿಯನ್ನೂ ಗಮನಿಸಬೇಕು. ತೆಲುಗಿನ ‘ಚಾಲು’ (ಸಾಕು) ಪದದ ಆದಿಯಲ್ಲಿ ದಂತ್ಯ ಸ್ಪರ್ಶಘರ್ಷವಿದೆ. ‘ಚೆಪ್ಪು’ (ಹೇಳು) ಪದದಲ್ಲಿ ತಾಲವ್ಯ. ಕನ್ನಡ ಲಿಪಿಯಲ್ಲಿ ಎರಡನ್ನೂ ‘ಚ’ ಎಂದೇ ಬರೆದಿದ್ದರೆ ಯಾವ ಪರಿವರ್ತಕವೂ ಆ ಭೇದವನ್ನು ಮರಳಿ ತರಲಾರದು. ಯೂನಿಕೋಡಿನ ನುಕ್ತದಿಂದ ಅದನ್ನು ಗುರುತಿಸಬಹುದು, ಆದರೆ ಧ್ವನಿಮುದ್ರಿಕೆಯನ್ನು ಆಲಿಸಿದ ಅನಂತರವಷ್ಟೇ.

ಆದ್ದರಿಂದ ಸಂಶೋಧಕರು ಅನುಸರಿಸಬೇಕಾದ ಕ್ರಮವನ್ನು ಹೀಗೆ ಸೂಚಿಸುತ್ತೇವೆ: ಮೂಲ ಕಡತವನ್ನೂ ಅದರ ಫಾಂಟುಗಳನ್ನೂ ಮಾರ್ಪಡಿಸದೆ ಕಾಪಿಡುವುದು, ಫಾಂಟಿನ ಗಡಿಗಳನ್ನು ಭಾಷಾಸೂಚಕಗಳಾಗಿ ಮಾರ್ಪಡಿಸಿದ ಮೇಲೆಯೇ ತುಣುಕು ತುಣುಕಾಗಿ ಯೂನಿಕೋಡಿಗೆ ತರುವುದು, ‘ೊ’ದಂತಹ ಚಿಹ್ನೆ ಒಂದೇ ಸಂಕೇತವಾಗಿಯೂ ಎರಡಾಗಿಯೂ ಇರಬಲ್ಲುದರಿಂದ ಪಠ್ಯವನ್ನು ಏಕರೂಪಗೊಳಿಸುವುದು, ಫಲಿತಾಂಶವನ್ನು ಮುದ್ರಿತ ಪ್ರತಿಯೊಡನೆ ಹೋಲಿಸುವುದು. ಹಳೆಯ ಕಡತವನ್ನು ಓದಬಲ್ಲ ಗಣಕಯಂತ್ರಗಳು ಕಡಿಮೆಯಾದಂತೆ ಈ ಕೆಲಸದ ಅವಕಾಶವೂ ಕಿರಿದಾಗುತ್ತದೆ. ಮಾತನಾಡಿದ ಹಿರಿಯರು ಇಲ್ಲವಾದ ಮೇಲೆ ಅವರ ನುಡಿಗೆ ಉಳಿಯುವ ಸಾಕ್ಷ್ಯ ಆ ಕಡತವೊಂದೇ ಆಗಿರಬಹುದು.