ವಿಧಾನಸೌಧಕ್ಕೆ ಹೋದ ಅರ್ಥಧಾರಿ

ಮೈಗೆ ವೇಷವಿಲ್ಲ, ಕಾಲಿಗೆ ಗೆಜ್ಜೆಯಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡಿ ನಿಲ್ಲಿಸುತ್ತಾರೆ. ಚೆಂಡೆ ಮದ್ದಳೆಗಳ ಸದ್ದು ಅಡಗುತ್ತಲೇ, ಕುಳಿತಲ್ಲೇ ಒಬ್ಬರು ಕರ್ಣನಾಗುತ್ತಾರೆ, ಎದುರಿಗಿರುವವರು ಕೃಷ್ಣನಾಗುತ್ತಾರೆ. ಪದ್ಯ ಕವಿಯದು, ಮಾತು ಆ ಕ್ಷಣದ್ದು. ಇದೇ ಯಕ್ಷಗಾನದ ತಾಳಮದ್ದಳೆ. ಹೀಗೆ ಮಾತಾಡುವವರನ್ನು ಕರಾವಳಿಯಲ್ಲಿ ಅರ್ಥಧಾರಿ ಎನ್ನುತ್ತಾರೆ. ವೇಷ, ಕುಣಿತಗಳನ್ನೇ ಕಣ್ತುಂಬಿಕೊಂಡು ಬೆಳೆದ ಶಿವನಿ, ಅಜ್ಜಂಪುರದ ಕಡೆಯ ನಮಗೆ, ಬರೀ ಮಾತು ಕೇಳಲು ಜನ ಇರುಳಿಡೀ ಕೂರುತ್ತಾರೆಂಬುದೇ ದೊಡ್ಡ ಬೆರಗು.

ಆ ಮಾತಿನ ಬಲದಿಂದ ಹೆಸರಾಗಿ, ಶಾಸಕರೂ ಆದವರು ಕುಂಬಳೆ ಸುಂದರ ರಾವ್. ಹುಟ್ಟಿದ್ದು 1934ರಲ್ಲಿ, ಈಗ ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಕುಂಬಳೆಯಲ್ಲಿ. ಕನ್ನಡ, ತುಳು, ಮಲಯಾಳ ಮೂರೂ ಒಂದೇ ಬೀದಿಯಲ್ಲಿ ಕೇಳುವ ಊರದು. ಯಕ್ಷಗಾನದ ತೆಂಕುತಿಟ್ಟಿನ ಆದ್ಯ ಕವಿ ಪಾರ್ತಿಸುಬ್ಬನ ಹೆಸರು ಬೆಸೆದುಕೊಂಡಿರುವುದೂ ಅಲ್ಲಿಗೇ. ಸುಂದರ ರಾಯರು ಧರ್ಮಸ್ಥಳ ಮೇಳದಲ್ಲಿ ಬಹುಕಾಲ ವೇಷ ಕಟ್ಟಿದರು. ಆದರೆ ಅವರನ್ನು ಮನೆಮಾತಾಗಿಸಿದ್ದು ತಾಳಮದ್ದಳೆ. ಪ್ರಾಸ ಅವರ ಬಾಯಲ್ಲಿ ತಾನಾಗಿ ಬಂದು ಕೂರುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಘಟಾನುಘಟಿ ಅರ್ಥಧಾರಿಗಳಿದ್ದ ಕಾಲದಲ್ಲಿ ಹೆಸರು ಮಾಡುವುದು ಸಣ್ಣ ಸಂಗತಿಯಲ್ಲ.

ಈ ಕಲೆಯ ಕಷ್ಟ ತಿಳಿಯಬೇಕಾದರೆ ‘ವಾಲಿ ವಧೆ’ ಕೇಳಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ತಡೆದು ಕೇಳುತ್ತಾನೆ: ನಿನಗೂ ನನಗೂ ಯಾವ ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ದೇವರೆಂದು ಅವನಿಗೆ ಇಲ್ಲಿ ರಿಯಾಯಿತಿಯಿಲ್ಲ, ಉತ್ತರ ಕೊಡಲೇಬೇಕು. ಕತೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ವಾಲಿ ಇಂದು ಹೊಸ ಪ್ರಶ್ನೆ ಎತ್ತಬಹುದು, ರಾಮನಿಗೆ ನಿನ್ನೆಯ ಉತ್ತರ ಇಂದು ಸಾಲದಾಗಬಹುದು. ಕತೆಯಲ್ಲಿ ಸೋತವನು ವಾದದಲ್ಲಿ ಗೆದ್ದು ಸಭೆಯ ಚಪ್ಪಾಳೆ ಪಡೆಯುವುದೂ ಉಂಟು. ಎದುರಾಳಿಯ ಮಾತನ್ನು ಕಡೆಯವರೆಗೆ ಕೇಳದೆ ಅದನ್ನು ಖಂಡಿಸಲು ಬರುವುದಿಲ್ಲ. ಕಂಠಪಾಠ ಮಾಡಿ ಬಂದವನು ಎರಡನೇ ಪದ್ಯಕ್ಕೇ ಸಿಕ್ಕಿಬೀಳುತ್ತಾನೆ.

1994ರ ಚುನಾವಣೆಯಲ್ಲಿ ಸುಂದರ ರಾಯರು ಸುರತ್ಕಲ್ ಕ್ಷೇತ್ರದಿಂದ ಬಿಜೆಪಿಯ ಶಾಸಕರಾದರು. ಜನತಾದಳ ಗೆದ್ದು ಸರ್ಕಾರ ರಚಿಸಿದ್ದರಿಂದ ಅವರು ಕೂತದ್ದು ವಿರೋಧ ಪಕ್ಷದ ಸಾಲಿನಲ್ಲಿ. 1996ರಲ್ಲಿ ಮುಖ್ಯಮಂತ್ರಿಯಾದ, ನಮ್ಮ ಪಕ್ಕದ ಚನ್ನಗಿರಿಯ ಜೆ.ಎಚ್. ಪಟೇಲರೂ ಅದೇ ಸದನದಲ್ಲಿದ್ದರು. 1967ರಲ್ಲೇ ಲೋಕಸಭೆಯಲ್ಲಿ ಕನ್ನಡ ಮಾತಾಡಿದ ಪಟೇಲರು, ಪ್ರಾಸದ ಸುಂದರ ರಾಯರು. ಎಂಥ ಮಾತುಗಾರರ ಸದನವದು! ಇಂದಿನ ಕಲಾಪ ನೋಡುವಾಗ, ಗೆದ್ದ ಪ್ರತಿಯೊಬ್ಬರನ್ನೂ ಪ್ರಮಾಣವಚನಕ್ಕೆ ಮುಂಚೆ ಒಂದು ತಾಳಮದ್ದಳೆಯಲ್ಲಿ ಕೂರಿಸಬೇಕೆಂದು ನನಗೆ ನಿಜಕ್ಕೂ ಅನ್ನಿಸುತ್ತದೆ.

ಮುಂದೆ ಸುಂದರ ರಾಯರು ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾದರು. 2022ರ ನವೆಂಬರ್ 30ರಂದು ತೀರಿಕೊಂಡಾಗ 88 ವರ್ಷ.

ಮೇ ಕೊನೆಯ ವಾರದ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲವಿಡೀ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ. ಚಾರ್ಮಾಡಿ ಘಾಟಿ ಇಳಿದು ಹೋಗಿ ಕೇಳಬಹುದು. ಆಗದಿದ್ದರೆ ಯೂಟ್ಯೂಬ್‌ನಲ್ಲಿ ಸುಂದರ ರಾಯರ ಹಳೆಯ ಧ್ವನಿಮುದ್ರಣಗಳಿವೆ. ಗೊತ್ತಿರುವ ಕತೆಯಿಂದಲೇ ಶುರುಮಾಡಿ, ಕಿವಿ ಪೂರ್ತಿ ಮಾತಿನ ಮೇಲೆ ನಿಲ್ಲುತ್ತದೆ.