ವಯಸ್ಸಾದ ಹೃದಯ, ನಿಂತಲ್ಲೇ ನಿಂತ ಸೈಕಲ್ಲು

220ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ, ಉಳಿದದ್ದೇ ನಿಮ್ಮ ಹೃದಯದ ಗರಿಷ್ಠ ಬಡಿತ: ಜಿಮ್‌ಗಳ ಗೋಡೆಯ ಮೇಲೆ ಈ ಲೆಕ್ಕ ದಶಕಗಳಿಂದ ನೇತಾಡುತ್ತಿದೆ. ಇದನ್ನು ನಂಬುವುದಾದರೆ ನೂರು ತುಂಬಿದವರ ಹೃದಯ ನಿಮಿಷಕ್ಕೆ 120 ಸಲ ಬಡಿದರೆ ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ಶತಾಯುಷಿ ಸೈಕಲ್ ಸವಾರ ರಾಬೆರ್ ಮಾರ್ಷಾನ್ ಅವರನ್ನು ಪ್ರಯೋಗಾಲಯದ ಸೈಕಲ್ ಮೇಲೆ ಕೂರಿಸಿ ಅಳೆದಾಗ 134 ಬಂತು.

ಮಾರ್ಷಾನ್ ಹುಟ್ಟಿದ್ದು 1911ರಲ್ಲಿ. ಅಗ್ನಿಶಾಮಕ ದಳದಲ್ಲಿದ್ದರು, ವೆನೆಜುವೆಲಾದಲ್ಲಿ ಲಾರಿ ಓಡಿಸಿದರು, ಕೆನಡಾದಲ್ಲಿ ಮರ ಕಡಿದರು. ಸೈಕಲ್ಲನ್ನು ಮತ್ತೆ ಗಂಭೀರವಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ. 2012ರಲ್ಲಿ ಸ್ವಿಟ್ಜರ್ಲೆಂಡಿನ ಏಗ್ಲ್‌ನ ಒಳಾಂಗಣ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದು, ನೂರು ದಾಟಿದವರ ದಾಖಲೆ ಬರೆದರು. ಎರಡು ವರ್ಷದ ನಂತರ, 102ನೇ ವಯಸ್ಸಿನಲ್ಲಿ, ಅದೇ ಒಂದು ಗಂಟೆಯಲ್ಲಿ 26.92 ಕಿ.ಮೀ. ತುಳಿದರು. ಈ ನಡುವೆ ಅವರ ದೇಹದಲ್ಲಿ ಆದದ್ದೇನು ಎಂಬುದನ್ನು ಶರೀರಕ್ರಿಯಾ ವಿಜ್ಞಾನಿ ವೆರೊನಿಕ್ ಬಿಲ್ಲಾ ಮತ್ತು ಸಂಗಡಿಗರು ಅಳೆದು 2017ರಲ್ಲಿ ಪ್ರಕಟಿಸಿದರು. ವಯಸ್ಸಾದ ಮೇಲೂ ದೂರ ಓಡುವ, ದೂರ ತುಳಿಯುವ ಹಟ ಇರುವ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕಾದ ಅಳತೆಗಳಿವು.

ಗರಿಷ್ಠ ಬಡಿತ ಬದಲಾಗಲಿಲ್ಲ. ಮೊದಲು 134, ಆಮೇಲೆ 137, ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಒಂದು ನಿಮಿಷದಲ್ಲಿ ದೇಹದ ಪ್ರತಿ ಕಿಲೋ ತೂಕ ಬಳಸಬಲ್ಲ ಆಮ್ಲಜನಕ 31 ಮಿಲಿಲೀಟರಿನಿಂದ 35ಕ್ಕೆ ಏರಿತು. ಪೆಡಲ್ ಮೇಲೆ ಹಾಕಬಲ್ಲ ಗರಿಷ್ಠ ಶಕ್ತಿ 90 ವ್ಯಾಟ್‌ನಿಂದ 125 ವ್ಯಾಟ್‌ಗೆ ಹೋಯಿತು. ಬಾವಿಯಿಂದ ಸೇದುವ ಕೊಡಗಳ ಸಂಖ್ಯೆ ಅಷ್ಟೇ ಇದ್ದರೂ ಪ್ರತಿ ಕೊಡದ ನೀರು ಹೆಚ್ಚು ಉಪಯೋಗಕ್ಕೆ ಬಂದಂತೆ, ಬಡಿತವೊಂದಕ್ಕೆ ದೇಹ ಬಳಸಿಕೊಂಡ ಆಮ್ಲಜನಕ ಸುಮಾರು ಶೇ. 10ರಷ್ಟು ಹೆಚ್ಚಾಗಿತ್ತು.

ಬಡಿತದ ಮಿತಿ ಏಕೆ ಏರುವುದಿಲ್ಲ? ಹೃದಯದ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶವಿದೆ. ಬಡಿತದ ತಾಳ ಹಾಕುವುದು ಅದೇ. ವಯಸ್ಸಾಗುತ್ತಾ ಅಲ್ಲಿನ ತಾಳಗಾರ ಕೋಶಗಳು ಕಡಿಮೆಯಾಗುತ್ತವೆ, ಉಳಿದವು ನಿಧಾನವಾಗುತ್ತವೆ. ಕಷ್ಟಪಟ್ಟು ತುಳಿಯುವಾಗ ರಕ್ತಕ್ಕೆ ಸೇರುವ ಅಡ್ರಿನಲಿನ್‌ಗೆ ಹೃದಯ ಮೊದಲಿನಷ್ಟು ಚುರುಕಾಗಿ ಓಗೊಡುವುದಿಲ್ಲ. ಎಷ್ಟೇ ಅಭ್ಯಾಸ ಮಾಡಿದರೂ ಈ ಇಳಿಕೆ ತಪ್ಪದು. ತರಬೇತಿಯ ಫಲ ಕಾಣುವುದು ಬೇರೆ ಕಡೆ: ಒಂದು ಬಡಿತಕ್ಕೆ ಹೊರಬೀಳುವ ರಕ್ತದಲ್ಲಿ, ಆ ರಕ್ತದಿಂದ ಸ್ನಾಯು ಹೀರಿಕೊಳ್ಳುವ ಆಮ್ಲಜನಕದಲ್ಲಿ, ಉಸಿರಿನ ಆಳದಲ್ಲಿ. ಮಾರ್ಷಾನ್ ಅವರ ಕಾಲುಗಳು ಮೊದಲು ನಿಮಿಷಕ್ಕೆ ಹೆಚ್ಚೆಂದರೆ 69 ಸುತ್ತು ತಿರುಗುತ್ತಿದ್ದವು, ಆಮೇಲೆ 90. ಶಕ್ತಿ ಹೆಚ್ಚಿದ್ದರ ಮುಖ್ಯ ಗುಟ್ಟು ಇದೇ.

ಇನ್ನು ಆ 220ರ ಲೆಕ್ಕ. 1970ರ ಸುಮಾರಿಗೆ ಕೆಲವು ಹಳೆಯ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಅಂದಾಜಿನ ಗೆರೆ ಅದು. ವಯಸ್ಸಾದವರಿಗೆ ಅದು ಅನ್ಯಾಯ ಮಾಡುತ್ತದೆ. 2001ರಲ್ಲಿ ಹಿರೋಫುಮಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳನ್ನು ಒಟ್ಟುಗೂಡಿಸಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ಎಪ್ಪತ್ತರವರಿಗೆ ಹಳೆಯ ಲೆಕ್ಕ 150 ಎಂದರೆ ಇದು 159 ಎನ್ನುತ್ತದೆ. ನೂರಕ್ಕೆ 138; ಮಾರ್ಷಾನ್ ಅವರ ಅಳತೆಗೆ ಎಷ್ಟು ಹತ್ತಿರ ನೋಡಿ. ಹಾಗಿದ್ದೂ ಇದು ಸರಾಸರಿಯೇ. ಒಂದೇ ವಯಸ್ಸಿನ ಇಬ್ಬರ ನಡುವೆ ಇಪ್ಪತ್ತು ಬಡಿತದ ಅಂತರ ಇರುವುದು ಸಾಮಾನ್ಯ.

ಮಾರ್ಷಾನ್ ಅವರ ತರಬೇತಿಯನ್ನು ಬಡಿತದ ಸಂಖ್ಯೆಗೆ ಕಟ್ಟಿಹಾಕಿರಲಿಲ್ಲ. ವರ್ಷಕ್ಕೆ 5,000 ಕಿ.ಮೀ. ತುಳಿಯುತ್ತಿದ್ದರು. ಅದರಲ್ಲಿ ಶೇ. 80 ಹಗುರ, ಶೇ. 20 ಕಠಿಣ. ಹಗುರ ಯಾವುದು, ಕಠಿಣ ಯಾವುದು ಎಂಬುದನ್ನು ಅವರ ದೇಹವೇ ಹೇಳುತ್ತಿತ್ತು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಮಾಪಕದಲ್ಲಿ 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಮಾರ್ಷಾನ್ ಅವರ ಹಗುರ ಸವಾರಿ 12ರೊಳಗೆ, ಕಠಿಣ ಸವಾರಿ 15ರ ಮೇಲೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ಹಗುರ, ಎರಡು ಮಾತಿಗೇ ಉಸಿರು ಕಟ್ಟಿದರೆ ಕಠಿಣ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಮನೆಯೊಳಗೆ, ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುವ ಟ್ರೈನರ್ ಮೇಲೆ ತುಳಿಯುವವರಿಗಂತೂ ಈ ಅಳತೆಗೋಲು ಇನ್ನೂ ಮುಖ್ಯ. ಹೊರಗೆ ಗಾಳಿ ಮೈಯ ಕಾವನ್ನು ಒಯ್ಯುತ್ತದೆ; ಕೋಣೆಯಲ್ಲಿ ಆ ಗಾಳಿ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಹ್ಯಾಂಡಲ್‌ನಿಂದ ಬೆವರು ತೊಟ್ಟಿಕ್ಕತೊಡಗುತ್ತದೆ. ಕಾವು ಹೊರಹಾಕಲು ರಕ್ತ ಚರ್ಮದ ಕಡೆ ತಿರುಗುತ್ತದೆ, ಬೆವರಿನಿಂದ ರಕ್ತದ ನೀರಿನಂಶ ಇಳಿಯುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ವ್ಯಾಟ್ ಅಷ್ಟೇ ಇದ್ದರೂ ಗಡಿಯಾರದಲ್ಲಿ ಬಡಿತ ಮೇಲೇರುತ್ತಲೇ ಹೋಗುವುದು ಇದರಿಂದ. ಎದುರಿಗೆ ದೊಡ್ಡ ಫ್ಯಾನ್, ಕೈಗೆಟಕುವಲ್ಲಿ ನೀರು, ಹೆಗಲ ಮೇಲೊಂದು ಟವೆಲ್: ದುಬಾರಿ ಟ್ರೈನರ್‌ಗಿಂತ ಮೊದಲು ಇವು ಬೇಕು.

ಹಾಗೆಂದು ಬಡಿತ ನೋಡುವುದೇ ಬೇಡ ಎಂದಲ್ಲ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಮಣಿಕಟ್ಟಿನ ಗಡಿಯಾರಕ್ಕಿಂತ ನಂಬಿಕಸ್ಥ. ಹತ್ತಾರು ವರ್ಷ ಕಠಿಣವಾಗಿ ಓಡಿದ, ತುಳಿದ ಪುರುಷರಲ್ಲಿ ಹೃದಯದ ಮೇಲ್ಕೋಣೆ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಾಗಿ ಕಾಣುತ್ತದೆ. ಹಗುರವಾಗಿ ತುಳಿಯುವಾಗಲೂ ಸಂಖ್ಯೆ ಹಠಾತ್ತನೆ ಜಿಗಿದು ಅಡ್ಡಾದಿಡ್ಡಿ ಕುಣಿದರೆ, ಪಟ್ಟಿಯನ್ನು ಒದ್ದೆ ಮಾಡಿ ಕಟ್ಟಿಕೊಂಡ ಮೇಲೂ ಹಾಗೇ ಇದ್ದರೆ, ಇಸಿಜಿ ಮಾಡಿಸಿಕೊಳ್ಳಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ. ಅವರಿಗೆ ಯಾವ ಸೂತ್ರವೂ ಅನ್ವಯಿಸದು.

ಅರವತ್ತು ದಾಟಿ ಹೊಸದಾಗಿ ಶುರು ಮಾಡುವವರು ಮೊದಲು ವೈದ್ಯರನ್ನು ಕಂಡು, ಅವರು ಹೇಳಿದರೆ ಟಿಎಂಟಿ (ಟ್ರೆಡ್‌ಮಿಲ್) ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲ ಕಾಲು ಗಂಟೆ ಹಗುರವಾಗಿಯೇ ತುಳಿಯಿರಿ. ಮುಗಿಸುವಾಗ ಗಕ್ಕನೆ ನಿಲ್ಲಿಸಬೇಡಿ. ರಕ್ತ ಕಾಲಿನಲ್ಲೇ ತಂಗಿ ತಲೆ ಸುತ್ತುತ್ತದೆ. ಎದೆ ಬಿಗಿದರೆ, ಎಡಗೈಯೋ ದವಡೆಯೋ ನೋಯತೊಡಗಿದರೆ, ಗಡಿಯಾರ ಏನೇ ತೋರಿಸಲಿ, ತುಳಿಯುವುದನ್ನು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.