ವೇಗಕ್ಕೂ ಒಂದು ಹದ

ಒಂದು ಅಕ್ಷರವು ಮನುಷ್ಯನ ಯೋಗ್ಯತೆಯನ್ನು ಸಾರುವುದುಂಟು. ಅವನ ಯೋಗ್ಯತೆ ಇನ್ನೂ ಪೂರ್ಣವಾಗಿಲ್ಲವೆಂಬುದನ್ನು ಸಾರುವುದೂ ಉಂಟು. ವಿದ್ವಾಂಸರ ಹೆಸರಿನ ಜೊತೆಗೆ ಬರುವ ಅಕ್ಷರಗಳು ಮೊದಲನೆಯ ಬಗೆಯವು. ಆಸ್ಟ್ರೇಲಿಯಾದ ರಸ್ತೆಗಳಲ್ಲಿ ತರುಣರ ಕಾರುಗಳ ಹಿಂದೆ ಮುಂದೆ ತೂಗುವ ಅಕ್ಷರಗಳು ಎರಡನೆಯ ಬಗೆಯವು. ಮೊದಲು ಹಳದಿ ಹಲಗೆಯ ಮೇಲೆ ಕಪ್ಪು 'ಎಲ್'. ಆಮೇಲೆ ಕೆಂಪು 'ಪಿ'. ಕೊನೆಗೆ ಹಸಿರು 'ಪಿ'. ಈ ವರ್ಣಮಾಲೆಯನ್ನು ದಾಟಿದವನಿಗೆ ಮಾತ್ರ ಅಲ್ಲಿ ಅಕ್ಷರವಿಲ್ಲದೆ ಕಾರು ನಡೆಸುವ ಸ್ವಾತಂತ್ರ್ಯ.

ಸಿಡ್ನಿ ನಗರವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪದ್ಧತಿಯನ್ನೇ ನೋಡೋಣ. ಹದಿನಾರು ತುಂಬಿದವನು ಕಲಿಯಲು ತೊಡಗಬಹುದು. ೨೫ ವರ್ಷಕ್ಕಿಂತ ಕಿರಿಯನಾದರೆ ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ೧೨೦ ಗಂಟೆಗಳ ಚಾಲನೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು. ಅದರಲ್ಲಿ ೨೦ ಗಂಟೆ ರಾತ್ರಿಯದಾಗಿರಬೇಕು. ಹದಿನೇಳು ತುಂಬಿದ ಮೇಲೆ, ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ, ಕೆಂಪು 'ಪಿ'. ಇದು ತಾತ್ಕಾಲಿಕ ಪರವಾನಗಿ. ಕನಿಷ್ಠ ಒಂದು ವರ್ಷದ ವ್ರತ. ಬಳಿಕ ಹಸಿರು 'ಪಿ'. ಅದು ಎರಡು ವರ್ಷ. ಕೆಂಪಕ್ಷರದವನು ಗಂಟೆಗೆ ೯೦ ಕಿಲೋಮೀಟರನ್ನೂ, ಹಸಿರಕ್ಷರದವನು ೧೦೦ ಕಿಲೋಮೀಟರನ್ನೂ ಮೀರುವಂತಿಲ್ಲ. ಇಬ್ಬರ ರಕ್ತದಲ್ಲೂ ಮದ್ಯದ ಸೋಂಕಿರಕೂಡದು. ಒಟ್ಟು ಮೂರು ವರ್ಷ. ಗುರುಕುಲವಾಸಕ್ಕೆ ಹೋಲಿಸಿದರೆ ಇದು ದೀರ್ಘವಲ್ಲ. ಆದರೆ ಹದಿನೇಳರ ಹರೆಯಕ್ಕೆ ಮೂರು ವರ್ಷವೆಂದರೆ ಒಂದು ಯುಗ.

ಈ ವ್ರತದ ನಿಯಮಗಳಲ್ಲಿ ತರುಣರನ್ನು ಅತ್ಯಂತ ಕೆಣಕುವುದು ಕಾರಿನ ಬಲಕ್ಕೆ ಸಂಬಂಧಿಸಿದ್ದು. ೨೦೦೫ರಲ್ಲಿ ಆ ರಾಜ್ಯವು ಎಂಟು ಸಿಲಿಂಡರಿನ ಎಂಜಿನ್ನುಳ್ಳ ಕಾರುಗಳನ್ನೂ, ಟರ್ಬೊ ಅಳವಡಿಸಿದ ಪೆಟ್ರೋಲು ಕಾರುಗಳನ್ನೂ 'ಪಿ' ಅಕ್ಷರದವರಿಗೆ ನಿಷೇಧಿಸಿತು. ಆದರೆ ಸಿಲಿಂಡರುಗಳ ಎಣಿಕೆ ಬಲದ ಅಳತೆಯಲ್ಲ. ಮನೆಮಂದಿ ಕೂರುವ ಸಾಧುವಾದ ಪುಟ್ಟ ಕಾರು, ಇಂಧನದ ಉಳಿತಾಯಕ್ಕೆಂದು ಟರ್ಬೊ ಹೊತ್ತ ಮಾತ್ರಕ್ಕೆ ಅಪರಾಧಿಯಾಗುತ್ತಿತ್ತು. ಆದಕಾರಣ ೨೦೧೪ರಲ್ಲಿ ತಕ್ಕಡಿಯನ್ನೇ ಬದಲಿಸಿದರು: ಕಾರಿನ ತೂಕದ ಒಂದು ಟನ್ನಿಗೆ ೧೩೦ ಕಿಲೋವಾಟಿಗಿಂತ ಹೆಚ್ಚು ಬಲವಿದ್ದರೆ ಅದು ವರ್ಜ್ಯ. ನೆರೆಯ ವಿಕ್ಟೋರಿಯಾದಲ್ಲಿ ೨೦೧೦ ಮತ್ತು ಅದರ ಮುಂದಿನ ಕಾರುಗಳಿಗೆ ಈ ಲೆಕ್ಕ ಅನ್ವಯಿಸುತ್ತದೆ. ಅದಕ್ಕೂ ಹಳೆಯವಕ್ಕೆ ಸಿಲಿಂಡರು ಮತ್ತು ಟರ್ಬೊಗಳ ನಿಯಮವೇ ಉಳಿದಿದೆ. ಎಲ್ಲ ರಾಜ್ಯಗಳಲ್ಲೂ ಈ ನಿಷೇಧವಿಲ್ಲವೆಂಬುದನ್ನೂ ಹೇಳಬೇಕು.

ಹಾಗಾದರೆ ನಿಷಿದ್ಧವಾದುದರ ಮೇಲೆಯೇ ತರುಣರಿಗೆ ಇಷ್ಟು ಮೋಹವೇಕೆ? ನಿಷೇಧವೇ ಮೋಹದ ತಾಯಿ ಎಂದು ಸುಲಭವಾಗಿ ಉತ್ತರಿಸಿಬಿಡಬಹುದು. ಅದು ಅರ್ಧಸತ್ಯ ಮಾತ್ರ. ಆ ದೇಶದ ಬಾತರ್ಸ್ಟ್ ಎಂಬ ಊರಿನ ಪಕ್ಕದ ಬೆಟ್ಟದ ಮೇಲೆ ೬.೨ ಕಿಲೋಮೀಟರು ಸುತ್ತಳತೆಯ ಓಟದ ಹಾದಿಯಿದೆ. ೧೯೬೩ರಿಂದ ಅಲ್ಲಿ ವರ್ಷವರ್ಷವೂ ನಡೆಯುವ ಕಾರಿನ ಪಂದ್ಯ ನಮ್ಮ ಕಡೆಯ ದೊಡ್ಡ ಜಾತ್ರೆಗೆ ಸಮಾನ. ಹೋಲ್ಡನ್ ಪಕ್ಷ, ಫೋರ್ಡ್ ಪಕ್ಷವೆಂದು ಮನೆಮನೆಗಳೇ ಇಬ್ಭಾಗವಾಗುತ್ತಿದ್ದುವು. ೧೯೯೧ ಮತ್ತು ೧೯೯೨ರಲ್ಲಿ ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿ.ಟಿ.-ಆರ್. ಅಲ್ಲಿ ಗೆದ್ದು ಎರಡೂ ಪಕ್ಷಗಳ ಅಭಿಮಾನವನ್ನು ಮುರಿಯಿತು. ಫೋರ್ಡ್ ಆ ದೇಶದಲ್ಲಿ ಕಾರು ತಯಾರಿಸುವುದನ್ನು ೨೦೧೬ರಲ್ಲಿ ನಿಲ್ಲಿಸಿತು, ಹೋಲ್ಡನ್ ೨೦೧೭ರಲ್ಲಿ. ಕಾರ್ಖಾನೆಗಳು ಮುಚ್ಚಿದರೂ ಭಕ್ತಿ ಮುಚ್ಚಲಿಲ್ಲ. ತಂದೆ ಪೂಜಿಸಿದ ವೇಗವನ್ನು ಮಗನೂ ಪೂಜಿಸುತ್ತಾನೆ, ಇದರಲ್ಲಿ ಆಶ್ಚರ್ಯವೇನು?

ವೇಗದ ಭಯವೂ ಅಲ್ಲಿ ಹೊಸದಲ್ಲ. ಪಂದ್ಯದಲ್ಲಿ ಓಡುವ ಕಾರಿನ ಮಾದರಿಯನ್ನು ಜನರಿಗೂ ಮಾರಬೇಕೆಂಬುದು ಆ ಕಾಲದ ನಿಯಮ. ೧೯೭೨ರ ಜೂನ್ ತಿಂಗಳಲ್ಲಿ, ಗಂಟೆಗೆ ೧೬೦ ಮೈಲಿ ಓಡಬಲ್ಲ ಕಾರುಗಳು ಸದ್ಯದಲ್ಲೇ ಅಂಗಡಿಗೆ ಬರಲಿವೆಯೆಂದು ಸಿಡ್ನಿಯ ಪತ್ರಿಕೆಯೊಂದು ಬರೆಯಿತು. ಮಂತ್ರಿಗಳು ಗುಡುಗಿದರು, ತಯಾರಕರು ತಮ್ಮ ಯೋಜನೆಗಳನ್ನು ಕೈಬಿಟ್ಟರು. ಅಂದು ಅಂಥ ಕಾರಿನ ಕನಸು ಕಂಡವರಲ್ಲಿ ಎಷ್ಟೋ ಮಂದಿ ಇಂದು ಅಜ್ಜಂದಿರು. ಮೊಮ್ಮಕ್ಕಳ ಕೈಯಿಂದ ಬೀಗದಕೈ ಕಿತ್ತಿಡುವವರು.

ಕೊಳ್ಳಲಾಗದ ಬಲವನ್ನು ಕೂಡಿಸಿಕೊಳ್ಳುವ ಹಾದಿಯೊಂದಿದೆ: ಎಂಜಿನ್ನಿನ ಬದಲಾವಣೆ. ಜಪಾನಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ, ಚುಕ್ಕಾಣಿ ಬಲಕ್ಕಿರುತ್ತದೆ. ಹೀಗಾಗಿ ಜಪಾನಿನಲ್ಲಿ ಬಳಸಿ ಬಿಟ್ಟ ಕಾರುಗಳ ಮುಂಭಾಗವನ್ನು ಎಂಜಿನ್ ಸಹಿತ ಕತ್ತರಿಸಿ ಹಡಗಿನಲ್ಲಿ ತರುವ ವ್ಯಾಪಾರ ಬೆಳೆಯಿತು. ಇದಕ್ಕೆ ಹಾಫ್ ಕಟ್ ಎಂದು ಹೆಸರು. ಸಾಧಾರಣ ಕಾರೊಂದರ ಒಡಲಿಗೆ ಇಂಥ ಎಂಜಿನ್ನನ್ನು ಕೂರಿಸುವುದು ತರುಣರ ಕನಸು.

ಇದು ದೀಪದ ಬುರುಡೆ ಬದಲಿಸಿದಷ್ಟು ಸುಲಭದ ಕೆಲಸವಲ್ಲ. ೧,೨೦೦ ಕಿಲೋಗ್ರಾಂ ತೂಕದ ಕಾರಿನಲ್ಲಿ ೯೦ ಕಿಲೋವಾಟಿನ ಎಂಜಿನ್ ಇದ್ದರೆ ಟನ್ನಿಗೆ ೭೫ ಕಿಲೋವಾಟ್ ಆಯಿತು. ಅಲ್ಲಿ ೧೬೦ ಕಿಲೋವಾಟಿನದನ್ನು ಇಟ್ಟರೆ ಲೆಕ್ಕ ೧೩೦ನ್ನು ದಾಟುತ್ತದೆ. ಆದರೆ ಹಳೆಯ ಬ್ರೇಕಿಗೆ ಈ ಲೆಕ್ಕ ತಿಳಿಯದು. ಹೊಸ ಎಂಜಿನ್ ಹೆಚ್ಚು ಭಾರವಾಗಿದ್ದರೆ ಕಾರಿನ ಮೂತಿ ತಗ್ಗುತ್ತದೆ. ತಿರುವಿನಲ್ಲಿ ಅದರ ನಡೆ ಬದಲಾಗುತ್ತದೆ. ಎಂಜಿನ್ನನ್ನು ಹಿಡಿದಿಡುವ ಆಧಾರಗಳು, ಗೇರುಪೆಟ್ಟಿಗೆ, ರೇಡಿಯೇಟರು, ಇಂಧನದ ಪಂಪು, ತಂತಿಗಳ ಜಾಲ, ಎಲ್ಲವನ್ನೂ ಆಳುವ ಪುಟ್ಟ ಗಣಕ—ಇವೆಲ್ಲ ಒಂದಕ್ಕೊಂದು ಒಗ್ಗಬೇಕು. ಹೊಸ ಎಂಜಿನ್ನು ಹೊಗೆಯ ವಿಷಯದಲ್ಲಿ ಹಳೆಯದಕ್ಕಿಂತ ಕೀಳಾಗಿರಕೂಡದು. ಕೊನೆಗೆ ಅಧಿಕೃತ ಎಂಜಿನಿಯರನೊಬ್ಬನು ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಇಲ್ಲಿದೆ ಒಂದು ವಿಚಿತ್ರ: ಪ್ರಮಾಣಪತ್ರವಿಲ್ಲದಿದ್ದರೆ ಆ ಕಾರು ರಸ್ತೆಗೆ ಬರುವಂತಿಲ್ಲ, ವೇಗವನ್ನು ಹೆಚ್ಚಿಸುವ ಇಂಥ ಬದಲಾವಣೆಯನ್ನು ಪತ್ರವು ದೃಢಪಡಿಸಿತೆಂದರೆ 'ಪಿ' ಅಕ್ಷರದವನು ಅದನ್ನು ನಡೆಸುವಂತಿಲ್ಲ. ಕಾರನ್ನು ಶುದ್ಧಗೊಳಿಸಿದ ಮಂತ್ರವೇ ಕರ್ತೃವನ್ನು ಹೊರಗಿಡುತ್ತದೆ.

ತರುಣನ ವಾದವನ್ನು ತಳ್ಳಿಹಾಕುವಂತಿಲ್ಲ. "ಅಪ್ಪಾ, ದುಡ್ಡು ನನ್ನದು, ದುಡಿಮೆ ನನ್ನದು, ಇದರ ಒಂದೊಂದು ತಿರುಪನ್ನೂ ಬಲ್ಲವನು ನಾನು. ಏನೂ ತಿಳಿಯದೆ ಅಂಗಡಿಯಿಂದ ಕಾರು ತಂದವನಿಗಿಂತ ನಾನು ಅಯೋಗ್ಯನೆ?" ಎಂದು ಅವನು ಕೇಳಿದರೆ ಥಟ್ಟನೆ ಉತ್ತರ ಹೊಳೆಯದು. ಸಾಧಾರಣ ಕಾರಿನಿಂದಲೂ ಪ್ರಾಣ ಹೋಗಬಹುದು. ಕಾನೂನು ಯಂತ್ರವನ್ನು ತೂಗುತ್ತದೆಯೇ ಹೊರತು ಮನುಷ್ಯನನ್ನು ತೂಗಲಾರದು. ವಿವೇಕವನ್ನು ಟನ್ನಿಗಿಷ್ಟೆಂದು ಅಳೆಯುವ ತಕ್ಕಡಿ ಇನ್ನೂ ಹುಟ್ಟಿಲ್ಲ.

ಆದರೂ ಯಂತ್ರವನ್ನು ಬಲ್ಲ ಕೈ ಬೇರೆ, ರಸ್ತೆಯನ್ನು ಬಲ್ಲ ಕಣ್ಣು ಬೇರೆ. ಗಂಟೆಗೆ ೧೦೦ ಕಿಲೋಮೀಟರು ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೨೮ ಮೀಟರು ಮುಂದಿರುತ್ತದೆ. ವೇಗ ಇಮ್ಮಡಿಸಿದರೆ ಆಘಾತದ ಶಕ್ತಿ ನಾಲ್ಮಡಿಯಾಗುತ್ತದೆ. ಎದುರಿನ ಓಣಿಯಿಂದ ಚೆಂಡು ಉರುಳಿ ಬಂದರೆ ಹಿಂದೆಯೇ ಮಗು ಬರಬಹುದೆಂದು ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುವುದು ಬುದ್ಧಿಯಿಂದಲ್ಲ, ಸಾವಿರಾರು ಮೈಲಿಗಳ ಸಂಸ್ಕಾರದಿಂದ. ರಾತ್ರಿಯೂ ಸಮವಯಸ್ಕರ ಹುರಿದುಂಬಿಸುವಿಕೆಯೂ ಕೂಡಿದರೆ ಆ ಅಲ್ಪ ಸಂಸ್ಕಾರವೂ ಕರಗುತ್ತದೆ. ೨೫ರೊಳಗಿನ ಕೆಂಪಕ್ಷರದವನು ರಾತ್ರಿ ೧೧ರಿಂದ ಬೆಳಗಿನ ೫ರವರೆಗೆ ೨೧ ವರ್ಷದೊಳಗಿನ ಒಬ್ಬನಿಗಿಂತ ಹೆಚ್ಚು ಜೊತೆಗಾರರನ್ನು ಕೂರಿಸಬಾರದೆಂದು ನ್ಯೂ ಸೌತ್ ವೇಲ್ಸ್ ವಿಧಿಸಿರುವುದು ಈ ಕಾರಣದಿಂದಲೇ.

ರಾಮಾಯಣದ ಸಂಪಾತಿ-ಜಟಾಯುಗಳ ಕಥೆ ವಾಚಕರಿಗೆ ತಿಳಿದದ್ದೆ. ಯೌವನದ ಮದದಲ್ಲಿ ಅಣ್ಣತಮ್ಮಂದಿರಿಬ್ಬರೂ ಸೂರ್ಯನ ಕಡೆಗೆ ಹಾರಿದರು. ತಾಪದಿಂದ ತಮ್ಮನು ತತ್ತರಿಸಿದಾಗ ಅಣ್ಣನು ರೆಕ್ಕೆಗಳನ್ನು ಅವನ ಮೇಲೆ ಹರಡಿದನು. ತನ್ನ ರೆಕ್ಕೆಗಳನ್ನೇ ಸುಟ್ಟುಕೊಂಡನು. ಇಲ್ಲಿ ಮುಖ್ಯವಾದದ್ದು ಅಣ್ಣನು ನೆಲದ ಮೇಲೆ ನಿಂತು ಬುದ್ಧಿ ಹೇಳಿದವನಲ್ಲ, ತಾನೂ ಹಾರಿದವನು ಎಂಬ ಸಂಗತಿ. ವೇಗವನ್ನು ಪಂದ್ಯವಾಗಿ ಆಡಿ, ಸರಕಾಗಿ ಮಾರಿ, ಮಕ್ಕಳ ಕಣ್ಣಿಗೆ ಕನಸಾಗಿ ಕಟ್ಟಿದ ಸಮಾಜವೇ ಇಂದು ಕಾನೂನಿನ ರೆಕ್ಕೆಯನ್ನು ಹರಡಿದೆ. ಆ ರೆಕ್ಕೆಯ ನೆರಳಿನಲ್ಲಿ ಅಪಮಾನವನ್ನು ಕಾಣುವ ತಮ್ಮನಿಗೆ, ಅದರ ಹಿಂದಿನ ಸುಟ್ಟ ಗಾಯ ಕಾಣಿಸುವುದಿಲ್ಲ. ಕಾಣಿಸುವ ಹೊಣೆ ಅಣ್ಣನದು.

ಸಿಡ್ನಿ ನಗರದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿಯೂ ಈಗ ಹದಿನೇಳು ತುಂಬುತ್ತಿರುವ ಮಕ್ಕಳಿದ್ದಾರೆ. ಬೈಸಿಕಲ್ಲನ್ನೋ ಹಳೆಯ ಸ್ಕೂಟರನ್ನೋ ತುಳಿದು ಬೆಳೆದ ತಂದೆಗೆ ಮಗನ ಈ ಹಂಬಲ ವಿಪರೀತವೆಂದು ತೋರುವುದು ಸಹಜ. ಬರಿಯ ಬೇಡವೆಂಬ ಮಾತಿಗಿಂತ ಅವನಿಗೆ ಹೇಳಬಹುದಾದ ಒಳ್ಳೆಯ ಮಾತು ನಮ್ಮ ಭಾಷೆಯಲ್ಲೇ ಇದೆ. ನೆಲಕ್ಕೆ ಹದ, ಕಬ್ಬಿಣಕ್ಕೆ ಹದ, ಪಾಕಕ್ಕೆ ಹದ. ಹದವೆಂದರೆ ನಿಷೇಧವಲ್ಲ, ತಕ್ಕ ಹೊತ್ತಿಗಾಗಿ ಎಚ್ಚರದಿಂದ ಕಾಯುವುದು. ಮೂರು ವರ್ಷಗಳ ಕಾಲ ಅವನು ಸಾಧಾರಣ ಕಾರಿನಲ್ಲಿ ರಸ್ತೆಯನ್ನು ಕಲಿಯಲಿ; ಮನೆಯ ಕೊಟ್ಟಿಗೆಯಲ್ಲಿ, ಬಲ್ಲವರ ಮಾರ್ಗದರ್ಶನದಲ್ಲಿ, ತನ್ನ ಕನಸಿನ ಕಾರನ್ನು ಒಂದೊಂದೇ ತಿರುಪಾಗಿ ಕಟ್ಟಲಿ. ಬ್ರೇಕು ಮೊದಲು, ಎಂಜಿನ್ನು ಆಮೇಲೆ. ಒಳ್ಳೆಯ ಎಂಜಿನ್ ಕೂಡಿಸಲು ಹೇಗೂ ಆತುರ ಸಲ್ಲದು. ಹಸಿರು ಅಕ್ಷರವು ಕಳಚಿ ಬೀಳುವ ದಿನಕ್ಕೆ ಕಾರೂ ಸಿದ್ಧವಾಗಿರುತ್ತದೆ, ಅದನ್ನು ನಡೆಸುವವನೂ ಸಿದ್ಧನಾಗಿರುತ್ತಾನೆ. ಇವೆರಡರಲ್ಲಿ ಯಾವುದೊಂದು ಮೊದಲೇ ಸಿದ್ಧವಾದರೂ ಪ್ರಯಾಣ ಸುಖಕರವಲ್ಲ.